ಫುಟ್‌ಬಾಲ್ ವರ್ಗಾವಣೆ, ಕೇಳುವ ಬೆಲೆ, ಕರಾರು: ಮಲೆನಾಡಿನ ಆಟಗಾರರಿಗೂ ಸಣ್ಣ ಕ್ಲಬ್ಬುಗಳಿಗೂ ಒಂದು ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಭದ್ರಾವತಿ ಅಥವಾ ಸಾಗರದ ಕಡೆಯ ಹುಡುಗನೊಬ್ಬನಿಗೆ ಬೆಂಗಳೂರಿನ ಕ್ಲಬ್ಬಿನಿಂದ ಕರೆ ಬಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಎಷ್ಟು ಕೊಡುತ್ತಾರಂತೆ?’ ಎಂಬುದು. ಊರಿನ ಸಣ್ಣ ಕ್ಲಬ್ಬೊಂದರ ಕಾಗದಪತ್ರಗಳನ್ನು ಹಲವು ವರ್ಷ ನೋಡಿಕೊಂಡವನಾಗಿ ಹೇಳುವುದಾದರೆ, ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವಾಗಿನಿಂದ ಯಾವಾಗಿನವರೆಗೆ?’ ಎಂಬುದು. ಆಟಗಾರನ ಬೆಲೆ, ಬೇರೆ ಕಡೆ ಹೋಗಲು ಅವನಿಗಿರುವ ಸ್ವಾತಂತ್ರ್ಯ, ಅವನನ್ನು ಬೆಳೆಸಿದ ಕ್ಲಬ್ಬಿಗೆ ಸಲ್ಲಬೇಕಾದ ಪಾಲು, ಈ ಮೂರೂ ದಿನಾಂಕಗಳ ಮೇಲೆ ನಿಂತಿವೆ. ಈ ಬರಹದಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮಗಳು, ಭಾರತದ ಕರಾರು ಕಾಯ್ದೆ ಮತ್ತು ನಮ್ಮ ಕಡೆಯ ಕುಟುಂಬಗಳಿಗೆ ಎದುರಾಗುವ ತೊಡಕುಗಳನ್ನು ಒಟ್ಟಿಗೆ ಇಟ್ಟುಕೊಂಡು, ಮಾತುಕತೆಯನ್ನು ಹೇಗೆ ನಡೆಸಬೇಕೆಂಬುದನ್ನು ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲ ಹಂತ: ಕಾಗದಗಳನ್ನು ಹೊಂದಿಸಿಕೊಳ್ಳುವುದು

ಕರೆ ಬರುವ ಮೊದಲೇ ಆಗಬೇಕಾದ ಕೆಲಸವಿದು. ಜನನ ಪ್ರಮಾಣಪತ್ರ, ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಪಾಸ್‌ಪೋರ್ಟ್, ಈ ನಾಲ್ಕರಲ್ಲಿ ಹೆಸರಿನ ಕಾಗುಣಿತವೂ ಹುಟ್ಟಿದ ದಿನಾಂಕವೂ ಒಂದೇ ಆಗಿರಬೇಕು. ನಮ್ಮಲ್ಲಿ ಒಂದು ಕಡೆ ಊರಿನ ಹೆಸರಿನ ಮೊದಲಕ್ಷರ, ಇನ್ನೊಂದು ಕಡೆ ತಂದೆಯ ಹೆಸರು, ಮತ್ತೊಂದು ಕಡೆ ಎರಡೂ ಇಲ್ಲದಿರುವುದು ಸಾಮಾನ್ಯವಾಗಿದೆ. ಕರಾರಿನ ಹೊತ್ತಿಗೆ ಇದನ್ನು ತಿದ್ದಿಸಲು ಹೊರಟರೆ ತಿಂಗಳುಗಳೇ ಹಿಡಿಯುತ್ತವೆ, ವರ್ಗಾವಣೆಯ ಅವಧಿಯಾದರೋ ಯಾರಿಗೂ ಕಾಯುವುದಿಲ್ಲ.

ಇವುಗಳ ಜೊತೆಗೆ ಯಾವ ಋತುವಿನಲ್ಲಿ, ಅಂದರೆ ಫುಟ್‌ಬಾಲಿನ ಯಾವ ಆಟದ ವರ್ಷದಲ್ಲಿ, ಯಾವ ಕ್ಲಬ್ಬಿಗೆ ನೋಂದಣಿಯಾಗಿತ್ತು ಎಂಬುದರ ದಾಖಲೆಯೂ ಬೇಕು. ಭಾರತದಲ್ಲಿ ಈ ನೋಂದಣಿಯು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ, ಅಂದರೆ ಎಐಎಫ್‌ಎಫ್‌ನ, ಕೇಂದ್ರೀಕೃತ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಆಟಗಾರನ ಹೆಸರು ಅಲ್ಲಿ ನಿಜವಾಗಿ ಇದೆಯೇ ಎಂಬುದನ್ನು ಕ್ಲಬ್ಬಿನ ಕಾರ್ಯದರ್ಶಿಯ ಎದುರೇ ಪರದೆಯಲ್ಲಿ ನೋಡಿ, ಅದರ ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕು. ‘ಹಾಕಿದ್ದೇವೆ’ ಎಂಬ ಬಾಯಿಮಾತು ಮುಂದೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಎರಡನೆಯ ಹಂತ: ಎಷ್ಟು ಕರಾರುಗಳಿವೆ ಎಂದು ತಿಳಿಯುವುದು

ವರ್ಗಾವಣೆ ಎಂಬ ಒಂದೇ ಪದದೊಳಗೆ ಕನಿಷ್ಠ ಎರಡು ಬೇರೆ ಬೇರೆ ಕರಾರುಗಳಿವೆ. ಮಾರುವ ಕ್ಲಬ್ಬಿಗೂ ಕೊಳ್ಳುವ ಕ್ಲಬ್ಬಿಗೂ ನಡುವೆ ಆಗುವ ವರ್ಗಾವಣೆ ಶುಲ್ಕದ ಕರಾರು ಒಂದು, ಆಟಗಾರನಿಗೂ ಹೊಸ ಕ್ಲಬ್ಬಿಗೂ ನಡುವೆ ಆಗುವ ಉದ್ಯೋಗದ ಕರಾರು ಇನ್ನೊಂದು. ಏಜೆಂಟ್ ಇದ್ದರೆ ಅವನೊಂದಿಗಿನ ಪ್ರಾತಿನಿಧ್ಯದ ಕರಾರು ಮೂರನೆಯದು. ಮೊದಲನೆಯದರ ಹಣ ಕ್ಲಬ್ಬಿಗೆ ಹೋಗುತ್ತದೆಯೇ ಹೊರತು ಆಟಗಾರನಿಗಲ್ಲ. ಪತ್ರಿಕೆಯಲ್ಲಿ ಬರುವ ದೊಡ್ಡ ಅಂಕಿಯನ್ನು ಆಟಗಾರನ ಆದಾಯವೆಂದು ತಿಳಿದುಕೊಂಡ ಮನೆಯವರನ್ನು ನಾನು ಬಹಳ ಕಂಡಿದ್ದೇನೆ.

ನಮ್ಮ ಕಡೆಯವರಿಗೆ ಅಡಿಕೆ ವ್ಯಾಪಾರದ ಉದಾಹರಣೆ ಬೇಗ ಹಿಡಿಸುತ್ತದೆ, ಮುಂದೆ ನಾನೂ ಅದನ್ನು ಬಳಸುತ್ತೇನೆ. ಆದರೆ ಒಂದು ವ್ಯತ್ಯಾಸವನ್ನು ಮೊದಲೇ ಹೇಳಿಬಿಡಬೇಕು. ಮಂಡಿಯಲ್ಲಿರುವ ರಾಶಿ ಅಡಿಕೆಯ ಮೂಟೆಯನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ, ಆಟಗಾರನ ಒಪ್ಪಿಗೆಯಿಲ್ಲದೆ ಮಾತ್ರ ಯಾವ ವರ್ಗಾವಣೆಯೂ ಆಗದು. ಎರಡು ಕ್ಲಬ್ಬುಗಳು ಬೆಲೆಗೆ ಒಪ್ಪಿದ ಮೇಲೂ ಅವನು ‘ಬೇಡ’ ಎನ್ನಬಹುದು. ಮಾತುಕತೆಯಲ್ಲಿ ಬಡ ಕುಟುಂಬದ ಕೈಯಲ್ಲಿರುವ ಅತಿದೊಡ್ಡ ಬಲ ಇದೇ ಆಗಿದೆ.

ಮೂರನೆಯ ಹಂತ: ವಯಸ್ಸನ್ನು ನೋಡುವುದು

18 ವರ್ಷ ತುಂಬದವರು ಮಾಡಿಕೊಂಡ ಕರಾರಿಗೆ 1872ರ ಭಾರತೀಯ ಕರಾರು ಕಾಯ್ದೆಯಡಿ ಬಲವಿಲ್ಲ. ಆದ್ದರಿಂದ ತಂದೆ, ತಾಯಿ ಅಥವಾ ಪೋಷಕರೇ ಕೂತು ಓದಿ ಸಹಿ ಮಾಡಬೇಕಾಗುತ್ತದೆ. ಫಿಫಾ ನಿಯಮದಂತೆ 18ರೊಳಗಿನವರೊಂದಿಗೆ ಮೂರು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ಸಲ್ಲದು. ಉಳಿದವರಿಗೆ, ದೇಶದ ಕಾನೂನು ಬೇರೆ ಹೇಳದಿದ್ದರೆ, ಗರಿಷ್ಠ ಐದು ವರ್ಷ. ಹದಿನಾರರ ಹುಡುಗನ ಮುಂದೆ ಐದು ವರ್ಷದ ಕಾಗದವನ್ನು ಇಟ್ಟರೆ ಅದರಲ್ಲಿ ಏನೋ ಸರಿಯಿಲ್ಲ ಎಂದೇ ತಿಳಿಯಬೇಕು.

18ರೊಳಗಿನವರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವುದನ್ನು ಫಿಫಾ ನಿಷೇಧಿಸಿದೆ. ಫುಟ್‌ಬಾಲಿಗೆ ಸಂಬಂಧಿಸದ ಕಾರಣಕ್ಕೆ ಹೆತ್ತವರೇ ಆ ದೇಶಕ್ಕೆ ಹೋಗಿ ನೆಲೆಸಿರುವುದು ಮುಂತಾದ ಕೆಲವೇ ವಿನಾಯಿತಿಗಳಿವೆ. ‘ಯುರೋಪಿನಲ್ಲಿ ಟ್ರಯಲ್ಸ್ ಕೊಡಿಸುತ್ತೇವೆ, ಮುಂಗಡ ಕಟ್ಟಿ’ ಎಂದು ಹದಿನೈದರ ಮಗುವಿನ ತಂದೆಗೆ ಹೇಳುವವರು ಈ ಒಂದು ನಿಯಮವನ್ನು ಬೇಕೆಂದೇ ಮುಚ್ಚಿಡುತ್ತಾರೆ. ಅಂಥವರ ಮಾತಿಗೆ ತೋಟವನ್ನು ಅಡವಿಡಬಾರದು.

ನಾಲ್ಕನೆಯ ಹಂತ: ಏಜೆಂಟ್ ಬೇಕೇ, ಬೇಕಿದ್ದರೆ ಯಾವ ಷರತ್ತಿಗೆ

ಫಿಫಾದ ಪರವಾನಗಿಯಿಲ್ಲದವರು ಏಜೆಂಟರಾಗಿ ವ್ಯವಹರಿಸುವಂತಿಲ್ಲ. ಪರವಾನಗಿ ಇದೆಯೇ ಎಂಬುದನ್ನು ಫಿಫಾದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆಟಗಾರನೊಂದಿಗಿನ ಪ್ರಾತಿನಿಧ್ಯದ ಕರಾರು ಎರಡು ವರ್ಷಕ್ಕಿಂತ ಹೆಚ್ಚಿರಬಾರದು ಮತ್ತು ತನ್ನಷ್ಟಕ್ಕೆ ನವೀಕರಣಗೊಳ್ಳಬಾರದು. 2023ರ ನಿಯಮಗಳು ಆಟಗಾರನ ವಾರ್ಷಿಕ ಸಂಭಾವನೆ ಎರಡು ಲಕ್ಷ ಡಾಲರ್‌ಗಿಂತ ಕಡಿಮೆಯಿದ್ದರೆ ಏಜೆಂಟನ ಪಾಲು ಶೇ. 5ನ್ನು ಮೀರಬಾರದೆಂದು ಹೇಳಿದ್ದವು. ಯುರೋಪಿನ ನ್ಯಾಯಾಲಯಗಳಲ್ಲಿ ವ್ಯಾಜ್ಯ ಎದ್ದ ಕಾರಣ ಅದೇ ವರ್ಷದ ಕೊನೆಯಲ್ಲಿ ಫಿಫಾ ಈ ಮಿತಿಯನ್ನು ಅಮಾನತಿನಲ್ಲಿಟ್ಟಿತು. ಆದರೂ ಚೌಕಾಶಿಗೆ ಕೂತಾಗ ಶೇ. 5 ಒಂದು ನ್ಯಾಯವಾದ ಅಳತೆಗೋಲು. ಶೇ. 15 ಕೇಳುವವನಿಗೆ ಈ ಅಂಕಿಯನ್ನು ಧೈರ್ಯವಾಗಿ ಹೇಳಬಹುದು.

ಐದನೆಯ ಹಂತ: ಕೇಳುವ ಬೆಲೆಯನ್ನು ಕಟ್ಟುವುದು

ಇದು ಮಾರುವ ಕ್ಲಬ್ಬಿನ ಕಡೆಯವರಿಗೆ. ಬೆಲೆ ಹೇಳುವ ಮೊದಲು ಮೂರು ಅಂಕಿಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು: ಬಾಯಿಬಿಟ್ಟು ಕೇಳುವ ಬೆಲೆ, ಸಂತೋಷದಿಂದ ಬಿಡುವ ಬೆಲೆ, ಅದಕ್ಕಿಂತ ಕೆಳಗೆ ಇಳಿಯದ ಬೆಲೆ. ಮೂರನೆಯದನ್ನು ಮಾತುಕತೆಗೆ ಹೋಗುವವನೊಬ್ಬನೇ ನಿರ್ಧರಿಸಬಾರದು. ಸಮಿತಿಯಲ್ಲಿ ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರೆ, ಎದುರಿನವರ ಒತ್ತಾಯಕ್ಕೆ ಸಿಕ್ಕಿ ಅಲ್ಲೇ ಇಳಿದುಬಿಡುವ ಅಪಾಯ ತಪ್ಪುತ್ತದೆ.

ಬೆಲೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಕರಾರಿನಲ್ಲಿ ಉಳಿದ ಕಾಲ. 1995ರ ಡಿಸೆಂಬರ್ 15ರಂದು ಐರೋಪ್ಯ ನ್ಯಾಯಾಲಯವು ಬೆಲ್ಜಿಯಂನ ಆಟಗಾರ ಜೀನ್ ಮಾರ್ಕ್ ಬೋಸ್ಮನ್ ಅವರ ಪ್ರಕರಣದಲ್ಲಿ ನೀಡಿದ ತೀರ್ಪಿನ ನಂತರ, ಕರಾರು ಮುಗಿದ ಆಟಗಾರನಿಗೆ ಹಳೆಯ ಕ್ಲಬ್ ವರ್ಗಾವಣೆ ಶುಲ್ಕ ಕೇಳುವ ಪದ್ಧತಿ ಕುಸಿಯಿತು. ಈಗಿನ ಫಿಫಾ ನಿಯಮದಂತೆ ಕರಾರಿನ ಕೊನೆಯ ಆರು ತಿಂಗಳಲ್ಲಿ ಆಟಗಾರನು ಬೇರೆ ಕ್ಲಬ್ಬಿನೊಂದಿಗೆ ಮುಂದಿನ ಕರಾರಿಗೆ ಸಹಿ ಮಾಡಬಹುದು. ಮಾತುಕತೆ ಶುರುಮಾಡುವ ಮೊದಲೇ ಆ ಕ್ಲಬ್ಬು ಈಗಿನ ಕ್ಲಬ್ಬಿಗೆ ಲಿಖಿತವಾಗಿ ತಿಳಿಸಬೇಕು. ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬು 18 ಕೋಟಿ ಯೂರೋ ಕೊಟ್ಟು ತಂದ ಕಿಲಿಯನ್ ಎಂಬಾಪೆ 2024ರಲ್ಲಿ ಕರಾರು ಮುಗಿಸಿ ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಪಿಎಸ್‌ಜಿಗೆ ವರ್ಗಾವಣೆ ಶುಲ್ಕವಾಗಿ ಒಂದು ಯೂರೋ ಕೂಡ ಬರಲಿಲ್ಲ. ಎರಡು ವರ್ಷ ಉಳಿದಿರುವಾಗ ಕೇಳುವ ಬೆಲೆಯನ್ನು ಎಂಟು ತಿಂಗಳು ಉಳಿದಿರುವಾಗಲೂ ಕೇಳುತ್ತ ಕುಳಿತರೆ ನಮ್ಮ ಸಣ್ಣ ಕ್ಲಬ್ಬಿನ ಗತಿಯೂ ಅದೇ ಆಗುತ್ತದೆ. ಅಡಿಕೆಯನ್ನಾದರೆ ದರ ಏರಲೆಂದು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಕರಾರಿನ ದಿನಗಳನ್ನು ಹಾಗೆ ಕೂಡಿಡಲು ಬರುವುದಿಲ್ಲ.

ಎರಡನೆಯದು ಲೆಕ್ಕಪುಸ್ತಕದ ಬೆಲೆ. ದೊಡ್ಡ ಕ್ಲಬ್ಬುಗಳು ಕೊಟ್ಟ ಶುಲ್ಕವನ್ನು ಕರಾರಿನ ವರ್ಷಗಳಿಗೆ ಹಂಚಿ ಬರೆಯುತ್ತವೆ. 50 ಲಕ್ಷಕ್ಕೆ ಐದು ವರ್ಷದ ಕರಾರಿನ ಮೇಲೆ ತಂದ ಆಟಗಾರನ ಬೆಲೆ ಮೂರು ವರ್ಷ ಕಳೆದಾಗ ಪುಸ್ತಕದಲ್ಲಿ 20 ಲಕ್ಷಕ್ಕೆ ಇಳಿದಿರುತ್ತದೆ. 25 ಲಕ್ಷಕ್ಕೆ ಮಾರಿದರೂ ಆ ವರ್ಷದ ಲೆಕ್ಕದಲ್ಲಿ ಅದು ಲಾಭವೇ. ಚೆಲ್ಸಿ ಕ್ಲಬ್ಬು 2023ರ ಜನವರಿಯಲ್ಲಿ ಮಿಖೈಲೋ ಮುದ್ರಿಕ್ ಅವರೊಂದಿಗೆ ಎಂಟೂವರೆ ವರ್ಷದ ಕರಾರು ಮಾಡಿಕೊಂಡಾಗ ವರ್ಷದ ಹೊರೆಯನ್ನು ತೆಳುವಾಗಿಸುವ ಈ ಲೆಕ್ಕವೇ ಚರ್ಚೆಗೆ ಬಂತು. ಆನಂತರ ಯುರೋಪಿನ ಫುಟ್‌ಬಾಲ್ ಸಂಸ್ಥೆಯಾದ ಯುಇಎಫ್‌ಎ ತನ್ನ ಹಣಕಾಸು ಲೆಕ್ಕಕ್ಕೆ ಐದು ವರ್ಷದ ಮಿತಿ ಹಾಕಿತು. ನೀವೇ ಕೊಳ್ಳುವ ಕಡೆಯಲ್ಲಿದ್ದಾಗ, ಎದುರಿನ ಕ್ಲಬ್ಬು ಆಟಗಾರನನ್ನು ಎಷ್ಟಕ್ಕೆ ತಂದಿತ್ತು, ಎಷ್ಟು ವರ್ಷವಾಯಿತು ಎಂಬುದನ್ನು ತಿಳಿದರೆ ಅದು ಎಲ್ಲಿಯವರೆಗೆ ಇಳಿಯಬಲ್ಲದೆಂಬುದನ್ನು ಅಂದಾಜಿಸಬಹುದು.

ಉಳಿದ ಸಂಗತಿಗಳು ಸಾಮಾನ್ಯ ಜ್ಞಾನದವು: ವಯಸ್ಸು, ಆಡುವ ಸ್ಥಾನ, ಗಾಯದ ಇತಿಹಾಸ, ಅವನ ಜಾಗಕ್ಕೆ ಇನ್ನೊಬ್ಬನನ್ನು ತರಲು ತಗಲುವ ಹಣ, ಕೇಳುತ್ತಿರುವ ಕ್ಲಬ್ಬುಗಳ ಸಂಖ್ಯೆ. ಕೊಳ್ಳುವವರು ಒಬ್ಬರೇ ಇದ್ದಾಗ ಇಬ್ಬರಿದ್ದಾರೆಂದು ಸುಳ್ಳು ಹೇಳುವುದನ್ನು ನಾನು ಒಪ್ಪುವುದಿಲ್ಲ. ರಾಜ್ಯದ ಫುಟ್‌ಬಾಲ್ ವಲಯ ಚಿಕ್ಕದು, ಸುಳ್ಳು ಎರಡು ದಿನದಲ್ಲಿ ಹೊರಬೀಳುತ್ತದೆ, ಮುಂದಿನ ಹುಡುಗನ ಮಾತುಕತೆಗೆ ಅದೇ ಅಡ್ಡಿಯಾಗುತ್ತದೆ.

ಆರನೆಯ ಹಂತ: ಬೆಲೆಯನ್ನು ಒಡೆದು ಹೊಂದಿಸುವುದು

ಮಾರುವವರು 20 ಲಕ್ಷ ಕೇಳುತ್ತಾರೆ, ಕೊಳ್ಳುವವರು 12 ಲಕ್ಷಕ್ಕೆ ನಿಂತಿದ್ದಾರೆ ಎಂದು ಇಟ್ಟುಕೊಳ್ಳೋಣ. ನಡುವಿನ 16ಕ್ಕೆ ಬಂದು ಕೈಕುಲುಕುವುದೇ ಉಪಾಯವೆಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ಉತ್ತಮ ದಾರಿಯೆಂದರೆ, 12 ಲಕ್ಷವನ್ನು ಎರಡು ಕಂತಿನಲ್ಲಿ ನಗದಾಗಿ ಪಡೆದು, ಹುಡುಗ ಹತ್ತು ಅಧಿಕೃತ ಪಂದ್ಯ ಆಡಿದರೆ 2 ಲಕ್ಷ, ರಾಷ್ಟ್ರೀಯ ತಂಡಕ್ಕೆ ಆಡಿದರೆ ಇನ್ನೂ 3 ಲಕ್ಷ ಎಂದು ಬರೆಸಿ, ಮುಂದಿನ ಮಾರಾಟದಲ್ಲಿ ಶೇ. 15ರ ಪಾಲು ಉಳಿಸಿಕೊಳ್ಳುವುದು. ಹುಡುಗನ ಮೇಲೆ ನಂಬಿಕೆಯಿರುವ ಕ್ಲಬ್ಬಿಗೆ ಈ ರೀತಿಯೇ ಲಾಭ. 2015ರಲ್ಲಿ ರಹೀಮ್ ಸ್ಟರ್ಲಿಂಗ್ ಅವರನ್ನು ಲಿವರ್‌ಪೂಲ್ ಕ್ಲಬ್ಬು ಮ್ಯಾಂಚೆಸ್ಟರ್ ಸಿಟಿಗೆ 4.4 ಕೋಟಿ ಪೌಂಡ್ ಮತ್ತು ಷರತ್ತಿನ ಮೇಲಿನ 50 ಲಕ್ಷ ಪೌಂಡ್‌ಗೆ ಮಾರಿದಾಗ, ಅವರನ್ನು ಬಾಲಕನಾಗಿ ಬೆಳೆಸಿದ್ದ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ಗೆ ಮರುಮಾರಾಟದ ಶೇ. 20ರ ಪಾಲಿನ ಹಕ್ಕಿತ್ತು.

ಪದಗಳ ಬಗ್ಗೆ ಇಲ್ಲಿ ಬಹಳ ಎಚ್ಚರ ಬೇಕು. ಮರುಮಾರಾಟದ ಪಾಲು ಒಟ್ಟು ಮೊತ್ತದ ಮೇಲೋ, ಲಾಭದ ಮೇಲೋ? ಆ ಹುಡುಗ ಮುಂದೆ 50 ಲಕ್ಷಕ್ಕೆ ಮಾರಾಟವಾದರೆ ಒಟ್ಟು ಮೊತ್ತದ ಶೇ. 15 ಎಂದರೆ 7.5 ಲಕ್ಷ. 12 ಲಕ್ಷ ಕಳೆದು ಉಳಿದ 38 ಲಕ್ಷದ ಶೇ. 15 ಎಂದರೆ 5.7 ಲಕ್ಷ ಮಾತ್ರ. ‘ಪಂದ್ಯ ಆಡಿದರೆ’ ಎಂದರೆ ಮೊದಲ ಹನ್ನೊಂದರಲ್ಲಿ ಇದ್ದರೆ ಎಂದೋ, ಕೊನೆಯ ಐದು ನಿಮಿಷಕ್ಕೆ ಬದಲಿಯಾಗಿ ಇಳಿದರೂ ಸಾಕೋ? ಕಂತು ತಪ್ಪಿದರೆ ಬಡ್ಡಿ ಎಷ್ಟು? ಈ ಮೂರಕ್ಕೆ ಉತ್ತರ ಬರೆಯದ ಕರಾರು ಜಗಳಕ್ಕೆ ಬೀಜ ಬಿತ್ತಿದಂತೆ. ಇನ್ನೊಂದು ಎಚ್ಚರಿಕೆಯೂ ಇದೆ. ಆಟಗಾರನ ವರ್ಗಾವಣೆ ಹಣದಲ್ಲಿ ಕ್ಲಬ್ಬಲ್ಲದ ಹೊರಗಿನ ಹೂಡಿಕೆದಾರನಿಗೆ ಪಾಲು ಬರೆದುಕೊಡುವುದನ್ನು ಫಿಫಾ 2015ರ ಮೇ 1ರಿಂದ ನಿಷೇಧಿಸಿದೆ. ಊರಿನ ಸಾಹುಕಾರರೊಬ್ಬರು ಶೂ, ಊಟದ ಖರ್ಚು ಕೊಟ್ಟಿದ್ದಾರೆಂದು ಅವರಿಗೆ ‘ಮುಂದಿನ ಮಾರಾಟದಲ್ಲಿ ಇಷ್ಟು’ ಎಂದು ಕಾಗದ ಮಾಡಿಕೊಡಬಾರದು.

ಏಳನೆಯ ಹಂತ: ಎರವಲು ಒಪ್ಪಂದ

ಮಲೆನಾಡಿನವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಎರವಲು ಎಂದರೆ ತೋಟವನ್ನು ಚೇಣಿಗೆ ಕೊಟ್ಟ ಹಾಗೆ. ಮರ ಯಜಮಾನನದು, ಆ ವರ್ಷದ ಫಸಲು ಚೇಣಿದಾರನದು. ಅವಧಿ ಮುಗಿದ ಮೇಲೆ ಆಟಗಾರ ಮೂಲ ಕ್ಲಬ್ಬಿಗೆ ಮರಳುತ್ತಾನೆ. 2022ರಿಂದ ಅಂತರರಾಷ್ಟ್ರೀಯ ಎರವಲಿಗೆ ಒಂದು ವರ್ಷದ ಗರಿಷ್ಠ ಮಿತಿಯಿದೆ. ಸಂಬಳ ಯಾರು ಎಷ್ಟು ಕೊಡಬೇಕು, ಗಾಯವಾದರೆ ಚಿಕಿತ್ಸೆ ಯಾರದು, ಮಧ್ಯದಲ್ಲಿ ವಾಪಸ್ ಕರೆಸಬಹುದೇ, ಕೊನೆಗೆ ಕೊಳ್ಳುವುದು ಇಚ್ಛೆಯೋ ಕಡ್ಡಾಯವೋ, ಈ ನಾಲ್ಕನ್ನೂ ಬರೆಸಿಕೊಳ್ಳಬೇಕು.

ಎರವಲಿನ ಕರಾರು ಮುರಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆಯಿದೆ. ದೆಹಲಿ ಎಫ್‌ಸಿಯಿಂದ ಮೋಹನ್ ಬಾಗಾನ್‌ಗೆ ದೀರ್ಘ ಎರವಲಿನ ಮೇಲೆ ಹೋಗಿದ್ದ ಅನ್ವರ್ ಅಲಿ 2024ರಲ್ಲಿ ಅದನ್ನು ಮುರಿದು ಈಸ್ಟ್ ಬೆಂಗಾಲ್ ಸೇರಿದಾಗ, ಎಐಎಫ್‌ಎಫ್‌ನ ಆಟಗಾರರ ಸ್ಥಿತಿಗತಿ ಸಮಿತಿ ಆಟಗಾರನಿಗೆ ನಾಲ್ಕು ತಿಂಗಳ ನಿಷೇಧ ಮತ್ತು ಮೋಹನ್ ಬಾಗಾನ್‌ಗೆ 12.90 ಕೋಟಿ ರೂಪಾಯಿ ಪರಿಹಾರದ ಆದೇಶ ನೀಡಿತು. ವಿವಾದ ಅಲ್ಲಿಂದ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು.

ಎಂಟನೆಯ ಹಂತ: ಆಟಗಾರನ ಕರಾರನ್ನು ಸಾಲು ಸಾಲಾಗಿ ಓದುವುದು

ಕರಾರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮನೆಯವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಲು ಒಬ್ಬರು ವಕೀಲರನ್ನೋ ಕಾಲೇಜಿನ ಅಧ್ಯಾಪಕರನ್ನೋ ಹುಡುಕಬೇಕು, ಅದಕ್ಕಾಗಿ ಕನಿಷ್ಠ ಮೂರು ದಿನದ ಸಮಯವನ್ನು ಕೇಳಬೇಕು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಬೆಳಿಗ್ಗೆ ಕಚೇರಿಯಲ್ಲಿ ಸಹಿ ಹಾಕಿ, ಅದೇ ಸಂಜೆ ಮರಳುವ ಅವಸರದಲ್ಲಿ ಎಷ್ಟೋ ಕುಟುಂಬಗಳು ಏನು ಬರೆದಿದೆ ಎಂಬುದನ್ನು ನೋಡದೆ ಬಂದಿವೆ. ಮೂರು ದಿನ ಕೊಡದ ಕ್ಲಬ್ಬು ಮೂರು ವರ್ಷ ಚೆನ್ನಾಗಿ ನೋಡಿಕೊಳ್ಳುತ್ತದೆಂದು ನನಗೆ ಅನ್ನಿಸುವುದಿಲ್ಲ.

ಸಂಬಳದ ಸಾಲಿನಲ್ಲಿ ಅಂಕಿಯ ಜೊತೆಗೆ ಅದು ವರ್ಷಕ್ಕೆ ಹತ್ತು ತಿಂಗಳೋ ಹನ್ನೆರಡು ತಿಂಗಳೋ, ತಿಂಗಳ ಎಷ್ಟನೇ ತಾರೀಖಿಗೆ ಬರುತ್ತದೆ, ತೆರಿಗೆ ಕಳೆದು ಕೈಗೆ ಬರುವುದೆಷ್ಟು ಎಂಬುದಿರಬೇಕು. ವೃತ್ತಿ ಶುಲ್ಕವಾಗಿ ಕೊಟ್ಟರೆ ಸಾಮಾನ್ಯವಾಗಿ ಶೇ. 10ರಷ್ಟು ಟಿಡಿಎಸ್ ಮುರಿದುಕೊಳ್ಳುತ್ತಾರೆ, ಪ್ಯಾನ್ ಕೊಡದಿದ್ದರೆ ಅದು ಶೇ. 20ಕ್ಕೆ ಏರುತ್ತದೆ. ವಸತಿ, ಊಟ, ಊರಿಗೆ ಬಂದುಹೋಗುವ ಪ್ರಯಾಣದ ವೆಚ್ಚ ಸಂಬಳದೊಳಗೋ ಹೊರಗೋ ಎಂಬುದನ್ನೂ ಕೇಳಬೇಕು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿದ ಮೇಲೆ ಉಳಿಯುವುದೇ ನಿಜವಾದ ಸಂಬಳ. ಲೀಗು ನಡೆಯದೆ ಹೋದರೆ ವೇತನ ಏನಾಗುತ್ತದೆ ಎಂಬ ಸಾಲನ್ನೂ ಈಗ ಬಿಡುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಇಂಡಿಯನ್ ಸೂಪರ್ ಲೀಗಿನ ಭವಿಷ್ಯ ಅನಿಶ್ಚಿತವಾದಾಗ ಬೆಂಗಳೂರು ಎಫ್‌ಸಿಯೇ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ತಡೆಹಿಡಿದಿತ್ತು.

ವೈದ್ಯಕೀಯ ಪರೀಕ್ಷೆ ಸಹಿಗೆ ಮೊದಲೇ ಮುಗಿಯಬೇಕು. ಕರಾರಿನ ಸಿಂಧುತ್ವವು ಪರೀಕ್ಷೆಯ ಫಲಿತಾಂಶದ ಮೇಲೆ ನಿಲ್ಲುವಂತೆ ಬರೆಯುವುದನ್ನು ಫಿಫಾ ನಿಯಮ ಒಪ್ಪುವುದಿಲ್ಲ. ಗಾಯದ ವಿಷಯದಲ್ಲಿ ಶಸ್ತ್ರಚಿಕಿತ್ಸೆಯ ಖರ್ಚು, ಫಿಸಿಯೋಥೆರಪಿ, ಆಡದ ತಿಂಗಳುಗಳ ಸಂಬಳ, ವಿಮೆಯ ಮೊತ್ತ, ಇವೆಲ್ಲ ಬರೆದಿರಬೇಕು. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಆರರಿಂದ ಒಂಬತ್ತು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಹೊರಗುಳಿಯಬೇಕಾಗುತ್ತದೆ. ಗದ್ದೆ ಕೊಯ್ಲಿನ ನಂತರ ಗಟ್ಟಿ ನೆಲದಲ್ಲಿ ಆಡಿ ಬೆಳೆದ ನಮ್ಮ ಹುಡುಗರ ಮೊಣಕಾಲಿನ ಬಗ್ಗೆ ನನಗೆ ಸದಾ ಆತಂಕವಿದೆ, ಆದ್ದರಿಂದ ಈ ಷರತ್ತಿಗಾಗಿ ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ತಪ್ಪಿಲ್ಲವೆಂದು ನಾನು ಸಲಹೆ ಕೊಡುತ್ತೇನೆ.

ವಿಸ್ತರಣೆಯ ಆಯ್ಕೆ ಎಂಬ ಷರತ್ತಿನಲ್ಲಿ ‘ಕ್ಲಬ್ಬು ಬಯಸಿದರೆ ಇನ್ನೂ ಎರಡು ವರ್ಷ’ ಎಂದಿದ್ದು, ಆಟಗಾರನ ಇಚ್ಛೆಯ ಮಾತೇ ಇಲ್ಲದಿದ್ದರೆ, ಅದನ್ನು ಪರಸ್ಪರ ಒಪ್ಪಿಗೆಗೆ ಬದಲಿಸಲು ಕೇಳಬೇಕು. ಒಪ್ಪದಿದ್ದರೆ ಆ ವರ್ಷಗಳ ಸಂಬಳದ ಏರಿಕೆಯನ್ನಾದರೂ ಈಗಲೇ ಬರೆಸಬೇಕು. ಕರಾರು ಮುಗಿದ ಮೇಲೂ ಆಟಗಾರನನ್ನು ಕಟ್ಟಿಹಾಕುವ ಷರತ್ತುಗಳಿಗೆ ಭಾರತದ ಕಾನೂನಿನಲ್ಲಿ ಬಲ ಕಡಿಮೆ. ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ಅವಧಿ ಮುಗಿದ ನಂತರವೂ ಮೊದಲ ಅವಕಾಶ ತನಗೇ ಬೇಕೆಂಬ ಸಂಸ್ಥೆಯ ವಾದವನ್ನು ಕರಾರು ಕಾಯ್ದೆಯ 27ನೇ ಕಲಮಿನ ಆಧಾರದ ಮೇಲೆ ತಳ್ಳಿಹಾಕಿತು.

ಬಿಡುಗಡೆ ಮೊತ್ತದ ಷರತ್ತು ಇದ್ದರೆ, ಆ ಮೊತ್ತವನ್ನು ಕಟ್ಟಿದ ಕೂಡಲೇ ಕ್ಲಬ್ಬು ಆಟಗಾರನನ್ನು ಬಿಡಲೇಬೇಕು. 2017ರಲ್ಲಿ ನೇಮಾರ್ ಅವರನ್ನು ಪಿಎಸ್‌ಜಿಗೆ ಕರೆದೊಯ್ಯಲು 22.2 ಕೋಟಿ ಯೂರೋ ಕಟ್ಟಿದಾಗ ಬಾರ್ಸಿಲೋನಾ ಬೇಡವೆಂದರೂ ತಡೆಯಲಾಗಲಿಲ್ಲ. ನಮ್ಮ ಹುಡುಗರ ಕರಾರಿನಲ್ಲಿ ಈ ಮೊತ್ತವು ಅವರ ವಾರ್ಷಿಕ ಸಂಬಳಕ್ಕೆ ಹೊಂದುವಷ್ಟಿರಬೇಕು. ಮೂರು ಲಕ್ಷ ಸಂಬಳದವನಿಗೆ ಒಂದು ಕೋಟಿಯ ಬಿಡುಗಡೆ ಮೊತ್ತವೆಂದರೆ ಅದು ಬಾಗಿಲಲ್ಲ, ಬೀಗ.

ಓದಿನ ಷರತ್ತನ್ನು ಕೇಳಲು ಮನೆಯವರು ಸಂಕೋಚಪಡುತ್ತಾರೆ. ಪಿಯುಸಿ ಮತ್ತು ಪದವಿ ಪರೀಕ್ಷೆಗೆ ರಜೆ ಕೊಡಬೇಕೆಂದು ಒಂದು ಸಾಲು ಬರೆಸಿದರೆ ಯಾವ ಒಳ್ಳೆಯ ಕ್ಲಬ್ಬೂ ಕೋಪಿಸಿಕೊಳ್ಳುವುದಿಲ್ಲ. ವೃತ್ತಿಪರ ಕರಾರಿಗೆ ಸಹಿ ಮಾಡುವ ಹೆಣ್ಣುಮಕ್ಕಳು ಹೆರಿಗೆ ರಜೆಯ ಸಾಲನ್ನು ನೋಡಬೇಕು. ಕನಿಷ್ಠ 14 ವಾರಗಳ ರಜೆ ಮತ್ತು ಆ ಅವಧಿಯಲ್ಲಿ ಸಂಬಳದ ಮೂರನೇ ಎರಡರಷ್ಟು ಹಣ ಫಿಫಾ ನಿಯಮದಲ್ಲೇ ಇದೆ.

ಸಹಿಯಾದ ಮೂಲಪ್ರತಿಯೊಂದು ಆಟಗಾರನ ಕೈಗೆ ಅದೇ ದಿನ ಬರಬೇಕು. ಪ್ರತಿ ಪುಟದಲ್ಲೂ ಎರಡೂ ಕಡೆಯವರ ಸಹಿಯಿರಬೇಕು.

ಒಂಬತ್ತನೆಯ ಹಂತ: ನೋಂದಣಿ ಮತ್ತು ಕೊನೆಯ ದಿನ

ಕರಾರಾದರೂ ನೋಂದಣಿಯಾಗದೆ ಆಡುವಂತಿಲ್ಲ. ವರ್ಷಕ್ಕೆ ಎರಡು ನೋಂದಣಿ ಅವಧಿಗಳಿರುತ್ತವೆ. ಬೇರೆ ದೇಶಕ್ಕೆ ಹೋಗುವವರಿಗೆ ಫಿಫಾದ ಆನ್‌ಲೈನ್ ವ್ಯವಸ್ಥೆಯ ಮೂಲಕ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಬರಬೇಕು. 2015ರ ಆಗಸ್ಟ್ 31ರಂದು ಗೋಲ್‌ಕೀಪರ್ ಡೇವಿಡ್ ಡಿ ಹೆಯಾ ಅವರ ಕಾಗದಗಳು ಸಕಾಲಕ್ಕೆ ತಲುಪದೆ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ರಿಯಲ್ ಮ್ಯಾಡ್ರಿಡ್‌ಗೆ ಆಗಬೇಕಿದ್ದ ವರ್ಗಾವಣೆಯೇ ನಿಂತುಹೋಯಿತು. ಅಷ್ಟು ದೊಡ್ಡ ಕ್ಲಬ್ಬುಗಳಿಗೇ ಹೀಗಾಗುವಾಗ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟೂ ನೆಟ್‌ವರ್ಕೂ ಇಲ್ಲದ ತೀರ್ಥಹಳ್ಳಿ, ಹೊಸನಗರದ ಕಡೆಯವರು ಕೊನೆಯ ದಿನಕ್ಕೆ ಏನನ್ನೂ ಉಳಿಸಿಕೊಳ್ಳಬಾರದು. ಒಂದು ವಾರ ಮೊದಲೇ ಪೇಟೆಗೆ ಬಂದು ಕೆಲಸ ಮುಗಿಸಬೇಕು.

ಹತ್ತನೆಯ ಹಂತ: ಮಾತು ತಪ್ಪಿದಾಗ

ಎರಡು ತಿಂಗಳ ಸಂಬಳ ಬಾಕಿಯಾದರೆ ಆಟಗಾರನು ಕ್ಲಬ್ಬಿಗೆ ಲಿಖಿತ ನೋಟಿಸು ಕೊಟ್ಟು, 15 ದಿನದ ಗಡುವಿನೊಳಗೂ ಹಣ ಬಾರದಿದ್ದರೆ ನ್ಯಾಯವಾದ ಕಾರಣದ ಮೇಲೆ ಕರಾರನ್ನು ಕೊನೆಗೊಳಿಸಬಹುದೆಂದು ಫಿಫಾ ನಿಯಮ ಹೇಳುತ್ತದೆ. ನೋಟಿಸಿಲ್ಲದೆ ಗಂಟುಮೂಟೆ ಕಟ್ಟಿ ಊರಿಗೆ ಬಂದರೆ ತಪ್ಪು ಆಟಗಾರನ ಮೇಲೆಯೇ ಬೀಳುತ್ತದೆ. ದೇಶದೊಳಗಿನ ದೂರು ಎಐಎಫ್‌ಎಫ್‌ನ ಆಟಗಾರರ ಸ್ಥಿತಿಗತಿ ಸಮಿತಿಗೆ, ಅಂತರರಾಷ್ಟ್ರೀಯ ದೂರು ಫಿಫಾದ ಫುಟ್‌ಬಾಲ್ ನ್ಯಾಯಮಂಡಳಿಗೆ ಹೋಗುತ್ತದೆ. ಫಿಫಾ ಎರಡು ವರ್ಷಕ್ಕಿಂತ ಹಳೆಯ ದೂರನ್ನು ತೆಗೆದುಕೊಳ್ಳುವುದಿಲ್ಲ.

ಹನ್ನೊಂದನೆಯ ಹಂತ: ಬೆಳೆಸಿದ ಕ್ಲಬ್ಬಿನ ಪಾಲು

ಜಿಲ್ಲೆಯ ಪ್ರತಿಯೊಂದು ಸಣ್ಣ ಕ್ಲಬ್ಬಿಗೂ ತಿಳಿದಿರಲೇಬೇಕಾದ ಹಂತವಿದು. ಕರಾರು ಮುಗಿಯುವ ಮೊದಲು ಆಟಗಾರನೊಬ್ಬ ಶುಲ್ಕದ ಮೇಲೆ ಬೇರೆ ದೇಶದ ಕ್ಲಬ್ಬಿಗೆ ಹೋದರೆ, ಆ ಶುಲ್ಕದ ಶೇ. 5ನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. 12ರಿಂದ 15ರ ಪ್ರತಿ ಋತುವಿಗೆ ಒಟ್ಟು ಶುಲ್ಕದ ಶೇ. 0.25, 16ರಿಂದ 23ರ ಪ್ರತಿ ಋತುವಿಗೆ ಶೇ. 0.5. ಶುಲ್ಕ ಒಂದು ಕೋಟಿಯಾದರೆ, 12ರಿಂದ 17ರವರೆಗೆ ಆರು ಋತು ಆಡಿಸಿದ ಊರಿನ ಕ್ಲಬ್ಬಿಗೆ ನಾಲ್ಕು ಋತುಗಳ ಒಂದು ಲಕ್ಷ ಮತ್ತು ಎರಡು ಋತುಗಳ ಒಂದು ಲಕ್ಷ, ಒಟ್ಟು ಎರಡು ಲಕ್ಷ ರೂಪಾಯಿ. ನಮ್ಮಂಥ ಕ್ಲಬ್ಬಿಗೆ ಅದು ಹಲವು ವರ್ಷದ ಚೆಂಡು, ಬಲೆ, ಪ್ರಯಾಣದ ಖರ್ಚು. ಇದಲ್ಲದೆ, ಬೇರೆ ದೇಶದ ಕ್ಲಬ್ಬಿನಲ್ಲಿ 23ರೊಳಗೆ ಮೊದಲ ಸಲ ವೃತ್ತಿಪರನಾಗಿ ನೋಂದಣಿಯಾದಾಗ ತರಬೇತಿ ಪರಿಹಾರವೆಂಬ ಇನ್ನೊಂದು ಹಣವಿದೆ. ಹೊಸ ಕ್ಲಬ್ಬಿನ ದರ್ಜೆಯ ಮೇಲೆ ಅದರ ಲೆಕ್ಕ ನಿಲ್ಲುತ್ತದೆ.

2022ರ ನವೆಂಬರಿನಿಂದ ಈ ಹಣಗಳು ಪ್ಯಾರಿಸ್‌ನಲ್ಲಿರುವ ಫಿಫಾ ಕ್ಲಿಯರಿಂಗ್ ಹೌಸ್ ಮೂಲಕ ಹರಿಯುತ್ತಿವೆ. ರಾಷ್ಟ್ರೀಯ ಸಂಸ್ಥೆಗಳ ನೋಂದಣಿ ದಾಖಲೆಗಳಿಂದ ಆಟಗಾರನ ವಿದ್ಯುನ್ಮಾನ ಪಾಸ್‌ಪೋರ್ಟ್, ಅಂದರೆ ಅವನು ನೋಂದಣಿಯಾಗಿದ್ದ ಕ್ಲಬ್ಬುಗಳ ಪಟ್ಟಿ, ತಯಾರಾಗುತ್ತದೆ, ಅದರಲ್ಲಿ ಹೆಸರಿರುವ ಕ್ಲಬ್ಬಿಗೆ ಪಾಲು. ಕ್ಲಬ್ಬು ಜಿಲ್ಲೆ ಮತ್ತು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮೂಲಕ ಮಾನ್ಯತೆ ಪಡೆದಿರಬೇಕು, ಹುಡುಗನನ್ನು ಪ್ರತಿ ಋತುವೂ ನೋಂದಾಯಿಸಿರಬೇಕು. ಬರೀ ಶಿಬಿರ ನಡೆಸುವ ಅಕಾಡೆಮಿಗೆ ಏನೂ ಬರುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ನಾಲ್ಕು ವರ್ಷ ಆಡಿದ ಹುಡುಗನೊಬ್ಬನ ಹೆಸರು ಇದ್ದದ್ದು ಒಂದು ಕೈಬರಹದ ಪುಸ್ತಕದಲ್ಲಿ ಮಾತ್ರ, ಆ ಪುಸ್ತಕ ಕಪಾಟಿನಲ್ಲಿ ಗೆದ್ದಲಿಗೆ ಸಿಕ್ಕಿತು. ಅವನು ಎಂದಾದರೂ ಹೊರದೇಶಕ್ಕೆ ಹೋದರೂ ಆ ನಾಲ್ಕು ವರ್ಷಕ್ಕೆ ನಮ್ಮಲ್ಲಿ ಸಾಕ್ಷಿಯಿಲ್ಲ. ಅಂದಿನಿಂದ ಪ್ರತಿ ಹುಡುಗನಿಗೂ ಒಂದು ಕಡತ ಮಾಡಿ, ಆನ್‌ಲೈನ್ ನೋಂದಣಿಯ ಪ್ರತಿ, ಪಂದ್ಯಗಳ ತಂಡಪಟ್ಟಿ ಮತ್ತು ಪೋಷಕರ ಒಪ್ಪಿಗೆ ಪತ್ರವನ್ನು ಋತು ಮುಗಿದ ವಾರವೇ ಸ್ಕ್ಯಾನ್ ಮಾಡಿ, ಒಂದು ಪ್ರತಿಯನ್ನು ಕ್ಲಬ್ಬಿನ ಇಮೇಲಿನಲ್ಲೂ ಇನ್ನೊಂದನ್ನು ಹುಡುಗನ ಮನೆಯಲ್ಲೂ ಇಡುತ್ತಿದ್ದೇವೆ.